ಹೊಳೆಯುವ ಮೂಳೆಗರಗಸ

ಗರಗಸದ ಹಲ್ಲು ಕುರ್ಚಿಗೆ ಕಟ್ಟಿಹಾಕಿದ್ದ ಭಾವನ ಹೆಬ್ಬೆರಳಿನ ಮೇಲೆ ಕೂತಿತ್ತು.

ಮರ ಕೊಯ್ಯುವ ಗರಗಸವಲ್ಲ ಸ್ವಾಮಿ... ಮೂಳೆ ಕೊಯ್ಯುವುದು! ನೂರೈವತ್ತು ವರ್ಷದ ಹಿಂದೆ ಯಾವುದೋ ಯುದ್ಧದಲ್ಲಿ ಯಾವನೋ ಡಾಕ್ಟರು ಸಿಪಾಯಿಗಳ ಕೈಕಾಲು ತೆಗೆದದ್ದು.

"ಡಾಕ್ಟರ ಪೆಟ್ಟಿಗೆಯ ಅಸಲಿ ಸೆಟ್ ಎಲ್ಲಿ?" ಗರಗಸ ಹಿಡಿದಿದ್ದ ಕರ್ನಲ್ ಕೇಳಿದ.

ಹೆಸರಿಗಷ್ಟೇ ಕರ್ನಲ್. ಸೈನ್ಯದ ಗೇಟು ಕೂಡ ದಾಟಿದವನಲ್ಲ. ಹಳೇ ಯುದ್ಧದ ಸಾಮಾನು ಕೂಡಿಡುವ ಹುಚ್ಚು. ಬಡ್ತಿ ತಾನೇ ಕೊಟ್ಟುಕೊಂಡಿದ್ದ.

"ಇದೇ ಅಸಲಿ ಸಾರ್! ನಾನು ಪೆಟ್ಟಿಗೆಯ ಕೀಲು ಮಾತ್ರ ರಿಪೇರಿ ಮಾಡಿದ್ದು..." ಭಾವ ಅಂಗಲಾಚಿದರು. ಹಳೇ ವಸ್ತು ದುರಸ್ತಿ ಮಾಡುವವರಿಗೆ ಹೆಬ್ಬೆರಳಿದ್ದರೇ ಅನ್ನ. ಅಕ್ಕ ಫೋನಿನಲ್ಲಿ ಅತ್ತಿದ್ದಳು. ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಓಡಿಬಂದಿದ್ದೆ.

"ಅಸಲಿಯಂತೆ! ಕಪ್ಪಗಿದ್ದದ್ದು ಈಗ ಮದುಮಗನ ಶೂ ಥರ ಹೊಳೀತಿದೆ! ಆ ಕಪ್ಪು ಹೋದ್ರೆ ಅದು ಆಂಟಿಕ್ ಅಲ್ಲ ಕಣೋ, ಗುಜರಿ! ಮೇಲಾಗಿ ಒಂದು ಚೂರಿ ಬೇರೆ ಕಾಣೆ!"

ನಾನು ಪೆಟ್ಟಿಗೆಗೆ ಬಗ್ಗಿದೆ. ಕೆಂಪು ಮಖಮಲ್ಲಿನಲ್ಲಿ ಗರಗಸದ ಗುಳಿಯ ಜೊತೆ ಉದ್ದನೆಯ ಇನ್ನೊಂದು ಗುಳಿಯೂ ಖಾಲಿ. ಉಳಿದವು ತೊಟ್ಟಿಲಲ್ಲಿ ಮಲಗಿದ ಕೂಸಿನ ಹಾಗೆ ತಂತಮ್ಮ ಗುಳಿಯಲ್ಲಿ ಸರಿಯಾಗಿ ಕೂತಿದ್ದವು. ಕರಿಮರದ ಹಿಡಿಗಳ ಗೀರಿನಲ್ಲಿ ಹಳೇ ಕೊಳೆ ಹಾಗೇ ಇತ್ತು.

ನಕಲಿಯಲ್ಲ... ಯಾರೋ ತಿಕ್ಕಿದ್ದಾರೆ!

"ಪೆಟ್ಟಿಗೆ ನಿಮ್ಮ ಮನೆ ಸೇರಿದ್ದು ಯಾವಾಗ ಸಾರ್?"

"ಮೊನ್ನೆ."

"ಆ ಕಪ್ಪಿನ ಬೆಲೆ ಗೊತ್ತಿರೋ ಭಾವ ತಿಕ್ಕೋರಲ್ಲ. ಹಾಗಾದ್ರೆ ತಿಕ್ಕಿದವರು ಈ ಮನೇಲೇ ಇದ್ದಾರೆ."

"ನನ್ನ ಮನೇಲಿ? ಯಾರಿಗೆ ಅಷ್ಟು ಎದೆ? ಸಿಕ್ಕಲಿ, ಅವರ ಹೆಬ್ಬೆರಳನ್ನೇ ತೆಗೀತೀನಿ! ಅಲ್ಲೀತನಕ ಇವನದು!"

ಅವನ ಮಣಿಕಟ್ಟು ಬಿಗಿಯಾಯಿತು.

ಯೋಚಿಸಲು ಪುರುಸೊತ್ತಿರಲಿಲ್ಲ. ಮೇಜಿಗೆ ಒದ್ದೆ. ಕರ್ನಲ್ ವಾಲಿದ. ಗರಗಸ ಕಿತ್ತುಕೊಂಡು ಓಡಿದೆ!

"ಬೀರೂ! ಹಿಡಿಯೋ ಅವನನ್ನ!"

ಬೀರು ಅವನ ಬಾಡಿಗಾರ್ಡ್. ಗಾತ್ರ ನೋಡಿಯೇ ಇಟ್ಟ ಹೆಸರು. ಬೀರು ಓಡುವುದನ್ನು ನೀವು ನೋಡಿಲ್ಲ... ನೋಡಬೇಡಿ! ನೆಲ ಅದುರಿತು. ಮೊದಲ ಬಾಗಿಲು... ಬೀಗ! ಎರಡನೆಯದು... ಬೀಗ! ಮೂರನೆಯದಕ್ಕೆ ಭುಜ ಕೊಟ್ಟೆ. ತೆರೆಯಿತು.

ಅಡುಗೆಮನೆ. ಹಿಂಬಾಗಿಲಿಲ್ಲ. ಸತ್ತೆ!

"ನಿಧಾನ ಕಣ್ರೋ! ಈಗಷ್ಟೇ ನೆಲ ಒರೆಸಿದೀನಿ!"

ಸಿಂಕಿನ ಮುಂದೆ ಒಬ್ಬ ಅಜ್ಜಿ. ಒಂದು ಕೈಯಲ್ಲಿ ಪಾತ್ರೆ ತಿಕ್ಕುವ ತಂತಿಯುಂಡೆ. ಇನ್ನೊಂದರಲ್ಲಿ ಉದ್ದನೆಯ ಚೂರಿ. ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ!

ಬೀರು ನಿಂತಲ್ಲೇ ನಿಂತ. ಹಿಂದೆಯೇ ಕರ್ನಲ್ ಏದುಸಿರು ಬಿಡುತ್ತ ಬಂದ.

"ಅಮ್ಮಾ... ಇದೆಲ್ಲಾ ನೀನು..."

"ಮತ್ತಿನ್ಯಾರು? ನಾಳೆ ದೊಡ್ಡ ಮನುಷ್ಯರು ನೋಡೋಕೆ ಬರ್ತಾರೆ ಅಂದ್ಯಲ್ಲ. ತುಕ್ಕು ತೋರಿಸಿದ್ರೆ ನನ್ನ ಮರ್ಯಾದೆ ಏನಾಗಬೇಕು? ಇದೊಂದು ಬಾಕಿ. ರಟ್ಟೆ ಬಿದ್ದುಹೋಯ್ತು, ನೀನೇ ತಿಕ್ಕು!"

ಚೂರಿ, ತಂತಿಯುಂಡೆ ಎರಡೂ ಕರ್ನಲ್ ಕೈಗೆ ಬಂದವು.

"ಅಣ್ಣಾ..." ಬೀರು ಪಿಸುಗುಟ್ಟಿದ. "ಹೆಬ್ಬೆರಳು ತೆಗೀತೀನಿ ಅಂದಿದ್ರಿ..."

"ಬಾಯ್ಮುಚ್ಚೋ!"

ನಾನು ಹೋಗಿ ಭಾವನ ಕಟ್ಟು ಬಿಚ್ಚಿದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೇ ಎದ್ದರು. ಬಾಗಿಲು ದಾಟುವಾಗ ಹಿಂದಿನಿಂದ ಕರ್ನಲ್ ದನಿ. ಈಗ ಅದರಲ್ಲಿ ಕರ್ನಲ್ ಇರಲಿಲ್ಲ, ಸಿಪಾಯಿಯೂ ಇರಲಿಲ್ಲ.

"ರೀ... ಆ ಹಳೇ ಕಪ್ಪು ವಾಪಸ್ ಬರೋಕೆ ಎಷ್ಟು ಕಾಲ ಬೇಕು?"

"ನೂರೈವತ್ತು ವರ್ಷ ಸಾರ್," ಎಂದೆ. "ಅದೂ ಅಮ್ಮನ ಕೈಗೆ ಸಿಗದ ಹಾಗೆ ಇಟ್ಟರೆ!"