ನೀಲುವಿನ ಹೊಟ್ಟೆ

“ಅಪ್ಪ, ನೀಲು ಇನ್ನೂ ಮೂಲೆಯಲ್ಲೇ ಉಂಟು.”

ಅನಿಷಾಳ ಮಾತು ಕೇಳಿ ಶಾಂತಿರಾಜರು ಚಪಾತಿ ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕಾದ ಮನೆ ಅದು. ಅಪ್ಪ ಹಾಗೆ ನಡುವೆ ಎದ್ದದ್ದನ್ನು ಅವಳು ನೋಡಿಯೇ ಇರಲಿಲ್ಲ.

ಗಾಜಿನ ತೊಟ್ಟಿಯಲ್ಲಿ ಐದು ಸಿಕ್ಲಿಡ್ ಮೀನುಗಳಿದ್ದವು. ನಾಲ್ಕು ಓಡಾಡುತ್ತಿದ್ದವು. ನೀಲಿ ಮೈಯ ನೀಲು ಮಾತ್ರ ಹೀಟರಿನ ಹಿಂದೆ ನಿಂತುಬಿಟ್ಟಿತ್ತು. ಗೋಲಿ ನುಂಗಿದ ಹಾಗೆ ಅದರ ಹೊಟ್ಟೆ ಊದಿತ್ತು. ಹಿಂದೆ ಬಿಳಿ ನೂಲಿನಂಥದ್ದು ಜೋತಾಡುತ್ತಿತ್ತು.

ಅಪ್ಪ ಸಾಕುಮೀನಿನ ಅಂಗಡಿಯ ಅಸ್ಕರಿಗೆ ಫೋನ್ ಮಾಡಿ, ಸ್ಪೀಕರ್ ಒತ್ತಿದರು.

“ಅದು ಬ್ಲೋಟ್ ಸರ್, ಹೊಟ್ಟೆ ಉಬ್ಬರ. ತಿನ್ನಲಿಕ್ಕೆ ಎಂತ ಹಾಕ್ತಾ ಇದ್ದೀರಿ?”

“ನೀವು ಕೊಟ್ಟ ಹಸಿರು ಗುಳಿಗೆ.”

“ಹುಳ, ಸಿಗಡಿ ಎಂತಾದ್ರೂ?”

ವಸಂತಿ ಅಜ್ಜಿ ಊಟದ ಮೇಜಿನಿಂದಲೇ ನಕ್ಕರು. “ನಮ್ಮ ಮನೆಯಲ್ಲಿ ಸಿಗಡಿಯಾ? ಒಳ್ಳೆ ಕೇಳಿದ್ರಿ ನೀವು.”

“ಹಾಗಾದ್ರೆ ತಿಂದದ್ದರಿಂದ ಅಲ್ಲ. ನೀರಿನ ತೊಂದರೆ ಇರಬಹುದು. ಅರ್ಧ ನೀರು ಬದಲಿಸಿ, ಗುಳಿಗೆ ಹಾಕ್ತಾ ಇರಿ. ನಾಳೆ ನೋಡುವ.”

ಅನಿಷಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಹೋದ ವಾರ ಅವಳ ಕ್ಲಾಸಿನ ಪ್ರಾಪ್ತಿ ಮನೆಗೆ ಬಂದಿದ್ದಳು. ತೊಟ್ಟಿಯ ಪಕ್ಕದಲ್ಲಿದ್ದ ಗುಳಿಗೆಯ ಡಬ್ಬ ಎತ್ತಿ ಮೂಸಿ, “ಇದು ಸೊಪ್ಪಿನದ್ದಾ? ನೀವು ಜೈನರು ಸರಿ, ಮೀನೂ ಜೈನವಾ? ಪಾಪ ಮಾರಾಯ್ತಿ,” ಅಂದಿದ್ದಳು. ಮರುದಿನ ಮನೆಯಿಂದ ಒಣ ಸಿಗಡಿಯ ಪುಡಿಯನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟಳು.

ಅನಿಷಾ ಅದನ್ನು ಕಂಪಾಸು ಪೆಟ್ಟಿಗೆಯೊಳಗೆ ಅಡಗಿಸಿಟ್ಟಳು. ಆರು ದಿನ, ಶಾಲೆಗೆ ಹೊರಡುವ ಮುಂಚೆ ಒಂದೊಂದು ಚಿಟಿಕೆ ಹಾಕಿದಳು. ಮೀನುಗಳು ಮುಗಿಬಿದ್ದು ತಿನ್ನುತ್ತಿದ್ದವು. ಎಲ್ಲರಿಗಿಂತ ಮುಂದೆ ನೀಲು. ನೋಡು, ಎಷ್ಟು ಆಸೆಯಿತ್ತು ಇವಕ್ಕೆ ಎಂದು ಅವಳಿಗೆ ಖುಷಿಯಾಗಿತ್ತು.

ಈಗ ನೀಲುವಿನ ಕಿವಿರು ಬಡಬಡ ಬಡಿದುಕೊಳ್ಳುತ್ತಿತ್ತು. ಅಪ್ಪ ಗುಳಿಗೆಯ ಡಬ್ಬದ ಮುಚ್ಚಳ ತಿರುಗಿಸಿದರು.

“ಹಾಕಬೇಡಿ ಅಪ್ಪ.”

“ಯಾಕೆ?”

“ನಾನು ಸಿಗಡಿ ಹಾಕಿದ್ದೆ. ಪ್ರಾಪ್ತಿಯ ಮನೆಯದ್ದು.”

ಅಪ್ಪನ ಕೈ ಅಲ್ಲೇ ನಿಂತಿತು. ಅಜ್ಜಿ ಮೆಲ್ಲನೆ ಎದ್ದು ಬಂದರು.

“ಎಲ್ಲಿ ಇಟ್ಟಿದ್ದೆ ಅದನ್ನು?”

“ಕಂಪಾಸಿನಲ್ಲಿ.”

“ಸೋಮವಾರ ಪರೀಕ್ಷೆಗೆ ಹೋಗುವಾಗ ಬಸದಿಗೆ ತಂದಿದ್ದೆಯಲ್ಲ, ಅದೇ ಕಂಪಾಸಾ?”

ಅನಿಷಾ ಹೌದೆಂದು ತಲೆ ಅಲ್ಲಾಡಿಸಿದಳು. ಪೆನ್ನು, ಕಂಪಾಸು ಎಲ್ಲ ಸ್ವಾಮಿಯ ಎದುರು ಇಟ್ಟು ಕೈಮುಗಿದದ್ದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ಅಜ್ಜಿ ಅಡುಗೆಮನೆಗೆ ಹೋಗಿ ಕೈ ತೊಳೆದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಆಮೇಲೆ ಒಂದು ಅಗಲದ ಟಬ್ ಹಿಡಿದುಕೊಂಡು ಬಂದರು.

“ಮೊದಲು ಮೀನಿನ ಕೆಲಸ ಆಗಲಿ. ಬಸದಿಯ ವಿಷಯ ಆಮೇಲೆ. ಆ ಅಂಗಡಿಯವರಿಗೆ ನೀನೇ ಹೇಳು.”

ಅನಿಷಾ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಆರು ದಿನ ಹಾಕಿದ್ದನ್ನೂ ಬಿಡಲಿಲ್ಲ.

“ಹೇಳಿದ್ದು ಒಳ್ಳೇದಾಯ್ತು,” ಅಂದ ಅಸ್ಕರ್. “ಇದು ಬಂಡೆಯ ಪಾಚಿ ಕೆರೆದು ತಿನ್ನುವ ಮೀನು ಮಗಾ. ಕರುಳು ಉದ್ದ ಇರ್ತದೆ. ಸಿಗಡಿ ಕೊಟ್ಟರೆ ಬೇಡ ಅನ್ನುವುದಿಲ್ಲ, ತಿಂತದೆ. ಆದ್ರೆ ಹೊಟ್ಟೆ ಕೇಳುವುದಿಲ್ಲ.”

ನೀಲುವನ್ನು ಟಬ್ಬಿಗೆ ಹಾಕಿ, ಗಾಳಿಯ ಪೈಪು ಬಿಟ್ಟು, ಹೊಟ್ಟೆ ಸಡಿಲಿಸುವ ಎಪ್ಸಮ್ ಸಾಲ್ಟನ್ನು ಅವನು ಹೇಳಿದಷ್ಟೇ ಕರಗಿಸಬೇಕು. ತೊಟ್ಟಿಯ ತಳದ ಕೊಳೆ ತೆಗೆಯಬೇಕು. ಐದಕ್ಕೂ ನಾಲ್ಕು ದಿನ ತಿನ್ನಲು ಏನೂ ಕೊಡಬಾರದು.

“ನಾಲ್ಕು ದಿನವಾ? ಸಾಯುವುದಿಲ್ವಾ?”

“ಉಳಿದ ನಾಲ್ಕಕ್ಕೆ ಏನೂ ಆಗುವುದಿಲ್ಲ. ನಿನ್ನ ನೀಲಿಯದ್ದು ಮಾತ್ರ ಈಗಲೇ ಹೇಳಲಿಕ್ಕೆ ಆಗುವುದಿಲ್ಲ.”

ಪೈಪಿನಲ್ಲಿ ತಳದ ಕೊಳೆ ಎಳೆಯುವಾಗ ಕಲ್ಲುಗಳ ಸಂದಿಯಿಂದ ಸಿಗಡಿಯ ಕೆಂಪು ಚೂರುಗಳು ಬಂದವು. ಅಜ್ಜಿ ಬಕೆಟ್ ಹಿಡಿದಿದ್ದರು. ಮುಖ ಆಚೆ ತಿರುಗಿಸಿಕೊಂಡಿದ್ದರು, ಬಕೆಟ್ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಕಂಪಾಸನ್ನೂ ಅವರೇ ಸಾಬೂನು ಹಾಕಿ ತೊಳೆದು ಬಿಸಿಲಿಗಿಟ್ಟರು. ಬಸದಿಯ ಮಾತು ಮತ್ತೆ ಎತ್ತಲಿಲ್ಲ.

ಎರಡನೆಯ ದಿನ ನೀಲು ಒಂದು ಬದಿಗೆ ವಾಲಿತು. ಅನಿಷಾ ಶಾಲೆಯಲ್ಲಿ ಎರಡು ಲೆಕ್ಕ ತಪ್ಪು ಮಾಡಿದಳು. ಮೂರನೆಯ ದಿನ ಅದು ನೆಟ್ಟಗಾಯಿತು.

ನಾಲ್ಕನೆಯ ದಿನ ಸಂಜೆ ಟಬ್ಬಿನ ತಳದಲ್ಲಿ ಏನೋ ಕಪ್ಪಗೆ ಕಂಡಿತು.

“ಅಪ್ಪ, ಬನ್ನಿ. ನೀಲು ಕಕ್ಕಸು ಮಾಡಿದೆ.”

ಅಪ್ಪ ಮೊಬೈಲಿನ ಟಾರ್ಚ್ ಹಾಕಿ ನೋಡಿದರು. ಅಜ್ಜಿ ಕನ್ನಡಕ ತಂದು ಬಗ್ಗಿದರು. “ಬಿಳಿ ಅಲ್ಲ ತಾನೆ?”

“ಅಲ್ಲ ಅಜ್ಜಿ. ಕಪ್ಪು.”

“ಹಾಗಾದ್ರೆ ಆಯ್ತು,” ಎಂದು ಅಜ್ಜಿ ಉಸಿರುಬಿಟ್ಟರು. ಮೀನಿನ ಹಿಕ್ಕೆ ನೋಡಿ ಮೂವರಿಗೂ ಒಟ್ಟಿಗೆ ನಗು ಬಂತು.

ಅಜ್ಜಿ ತೊಟ್ಟಿಯ ಕಡೆ ನೋಡಿದರು. “ಉಳಿದವಕ್ಕೆ ಒಂದೊಂದು ಗುಳಿಗೆ ಹಾಕುವನಾ? ಪಾಪ, ನಾಲ್ಕು ದಿನ ಆಯ್ತು.”

“ಬೇಡ ಅಜ್ಜಿ, ನಾಳೆ. ಅಲ್ಲಿ ನೋಡಿ.”

ನಾಲ್ಕು ಮೀನುಗಳೂ ಹಸಿರುಗಟ್ಟಿದ ಕಲ್ಲಿಗೆ ಬಾಯಿ ಹಚ್ಚಿದ್ದವು. ತಲೆ ಓರೆ ಮಾಡಿ ಒಂದು ಸಲ ಕೆರೆದು, ಹಿಂದೆ ಸರಿದು, ಮತ್ತೆ ಕೆರೆಯುತ್ತಿದ್ದವು. ಅವುಗಳಿಗೆ ಅವಸರವೇ ಇರಲಿಲ್ಲ.

ಇವು ದಿನವೂ ಹೀಗೇ ಮಾಡುತ್ತಿದ್ದವೇ? ತಾನು ಇಷ್ಟು ದಿನ ಎದುರಲ್ಲೇ ಕುಳಿತು ಎಂತ ನೋಡುತ್ತಿದ್ದದ್ದು?

ಪ್ರಾಪ್ತಿ “ಪಾಪ” ಅಂದಾಗ ನಾಚಿಕೆಯಾದದ್ದು ತನಗೆ. ಮೀನುಗಳಿಗೆ ಅದು ಕೇಳಿಸಿಯೇ ಇರಲಿಲ್ಲ.

ಅನಿಷಾ ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡಳು.