ಗುಜರಿ ಓಣಿಯ ಜನಸಂಖ್ಯೆ

ಯಂತ್ರದ ಒಳಗುಟ್ಟು ಪೂರ್ತಿ ತಿಳಿಯದೆ ಈ ಕಥೆ ಹೇಳಹೊರಟಿದ್ದಕ್ಕೆ ಓದುಗರು ಮನ್ನಿಸಬೇಕು.

ಅಮೋನಿಯಾ ತುಂಬಿದ ರೈಲುಗಾಡಿ ಕಾರ್ಖಾನೆಯ ಗೇಟು ದಾಟುವ ಮೊದಲೇ, ಎರಡು ಹಳಿಗಳಲ್ಲಿ ಯಾವುದರ ಮೇಲೆ ಹೋಗಬೇಕೆಂಬ ಲೆಕ್ಕವನ್ನು ‘ಹಾದಿತೂಕ’ ಯಂತ್ರ ಮುಗಿಸಿರುತ್ತಿತ್ತು. ಹಳಿಯ ಖರ್ಚು ಒಂದು ತಟ್ಟೆಯಲ್ಲಿ, ಅನಿಲ ಸೋರಿದರೆ ಸಾಯಬಹುದಾದವರು ಇನ್ನೊಂದರಲ್ಲಿ. ಹಳಿಯ ಪಕ್ಕದ ಜನರನ್ನು ಅದು ಮೊಬೈಲುಗಳ ಸಂಕೇತದಿಂದ ಎಣಿಸುತ್ತಿತ್ತು. ಗುಜರಿ ಓಣಿಯಲ್ಲಿ ಮನೆಗೊಂದು ಮೊಬೈಲೂ ಕಷ್ಟ. ಇದ್ದವೂ ಚಾರ್ಜ್ ಉಳಿಸಲು ಆರಿರುತ್ತಿದ್ದವು. ಯಂತ್ರಕ್ಕೆ ಅದು ಬರೀ ಬಯಲು. ಗಾಡಿ ಅಲ್ಲಿಂದಲೇ ಹೋಗುತ್ತಿತ್ತು. ಒಮ್ಮೆ ಟ್ಯಾಂಕರ್ ಸೋರಿ ಓಣಿಯ ಹುಲಿಗೆವ್ವನ ಗಂಡ ಸತ್ತ.

ಆ ಸಾವಿನ ವಿಚಾರಣೆಗೆ ಬಂದ ಪದ್ಮಿನಿ ದೇಸಾಯಿ, ಯಂತ್ರವನ್ನು ರೂಪಿಸಿದ ವಿಜ್ಞಾನಿ, ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ವಿವರಿಸಿದಳು.

“ಅಂದ್ರ ನಾವು ಲೆಕ್ಕಕ್ಕ ಇಲ್ಲೇನ್ರಿ ಬಾಯಾರ?” ಎಂದಳು ಹುಲಿಗೆವ್ವ.

“ಮೊಬೈಲ್ ಹಚ್ಚಿಟ್ರ ಇರ್ತೀರವಾ.”

“ಇನ್ನೊಂದು ಹಳಿ ಯಾರ ಮನಿ ಮುಂದ ಹೊಕ್ಕೈತ್ರಿ?”

ಪದ್ಮಿನಿ ಹೇಳಿದಳು: “ನಮ್ಮ ಕ್ವಾರ್ಟರ್ಸ್ ಮುಂದ.”

ಹುಲಿಗೆವ್ವನಿಗೆ ಅಷ್ಟು ಸಾಕಾಯಿತು. ಗುಜರಿ ಆರಿಸುವುದೇ ಅವಳ ಕಸುಬು. ಗಾಜು ಒಡೆದರೂ ಜೀವವಿದ್ದ ಮೊಬೈಲುಗಳನ್ನು ಚೀಲಗಟ್ಟಲೆ ಕೂಡಿಹಾಕಿ, ಚಾರ್ಜ್ ಮಾಡಿ ಹಚ್ಚಿಟ್ಟಳು. “ಇವ್ರು ನಮ್ಮನಿಯವ್ರು” ಎಂದು ಮೊದಲನೆಯದನ್ನು ಗೋಡೆಯ ಗೂಡಿನಲ್ಲಿಟ್ಟಳು.

“ಇಷ್ಟ ಮಂದಿಗೆ ಅಡಗಿ ಯಾರ ಮಾಡ್ತಾರಬೇ?” ಎಂದು ನೆರೆಮನೆಯ ಫಕೀರಪ್ಪ ನಕ್ಕ.

“ಇವ್ರಿಗೆ ಅಡಗಿ ಬ್ಯಾಡ. ಆ ಬಾಯಾರ ನಿದ್ದಿ ತಿಂತಾರ.”

ಯಂತ್ರದ ಎಣಿಕೆಯಲ್ಲಿ ಓಣಿ ಊರಾಯಿತು, ಊರು ಪಟ್ಟಣವಾಯಿತು. ಒಂದು ಸಂಜೆ ಗಾಡಿ ಬರಲಿಲ್ಲ. ಹುಲಿಗೆವ್ವ ಕಣ್ಣಾರೆ ನೋಡಲೆಂದು ಕ್ವಾರ್ಟರ್ಸ್ ಕಡೆಗೆ ಓಡಿದಳು. ಅಲ್ಲಿಗೂ ಬರಲಿಲ್ಲ.

ಮರುದಿನ ಪದ್ಮಿನಿಯೇ ಓಣಿಗೆ ಬಂದಳು. ಮೊಬೈಲುಗಳ ರಾಶಿಯನ್ನು ನೋಡಿದಳು, ಬಯ್ಯಲಿಲ್ಲ.

“ಮಂದಿ ಲೆಕ್ಕದಾಗ ಎರಡೂ ಹಳಿ ಭಾರ ಆದ್ವು. ಯಂತ್ರ ಮೂರನೇ ಉತ್ತರ ಕೊಟ್ಟದ. ಟ್ಯಾಂಕರಿಗೆ ಇನ್ನೊಂದು ದಪ್ಪ ಕವಚ ಹಾಕಿ, ಗಾಡಿ ನಿಧಾನ ಬಿಡ್ರಿ ಅಂತ. ಒಳಗ ಸೋರಿದ್ರೂ ಹೊರಗ ಬರೂದಿಲ್ಲ.”

“ಈ ಉತ್ತರ ಹೊಸಾದೇನ್ರಿ?”

ಪದ್ಮಿನಿ ಬಗ್ಗಿ, ರಾಶಿಯಿಂದ ಜಾರಿದ ಒಂದು ಮೊಬೈಲನ್ನು ಮೇಲೆತ್ತಿಟ್ಟಳು.

“ನಮ್ಮನಿಯವ್ರು ಸತ್ತ ದಿನಾನೂ ಅದರ ಹೊಟ್ಯಾಗ ಇತ್ತೇನ್ರಿ?”

“ಇತ್ತವಾ. ಖರ್ಚು ಜಾಸ್ತಿ ಅಂತ ಕೆಳಗಿತ್ತು.”

ಓಣಿ ಉಳಿಯಿತೆಂದು ಹುಲಿಗೆವ್ವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಗೂಡಿನಲ್ಲಿದ್ದ ಮೊದಲ ಮೊಬೈಲನ್ನು ತೆಗೆದು ಪದ್ಮಿನಿಯ ಕೈಯಲ್ಲಿಟ್ಟಳು.

“ಇವ್ರನ್ನ ನಿಮ್ಮ ಮನ್ಯಾಗ ಇಟ್ಕೋರಿ. ದಿನಾ ಚಾರ್ಜ್ ಹಾಕ್ರಿ. ಮತ್ತೊಮ್ಮೆ ಸಾಯಾಕ ಬಿಟ್ಟೀರಿ, ಜ್ವಾಕಿ.”

ಪದ್ಮಿನಿ ಅದನ್ನು ಕೊಂಡೊಯ್ದಳು. ಓಣಿಯ ಮೊಬೈಲುಗಳು ಇಂದಿಗೂ ಆರಿಲ್ಲ. ಆ ಒಂದರ ಗತಿ ಏನಾಯಿತೆಂಬುದು ಮಾತ್ರ ತಿಳಿಯದು.