ಸೊನ್ನೆಗೆ ಬಾರದ ಮುಳ್ಳು

ಬೆಳಿಗ್ಗೆ ಷೆಡ್ಡಿನ ಷಟರ್ ಎತ್ತಿದಾಗ ಹೊಗೆ ನಿಧಾನವಾಗಿ ಹೊರಬಂತು, ಹೊರಡಲು ಮನಸ್ಸಿಲ್ಲದ ನೆಂಟನ ಹಾಗೆ. ಒಳಗೆ ಒಂದು ಟರ್ಬೊ ಕಾರು. ಪೆಟ್ರೋಲು ಮುಗಿದು ಎಂಜಿನ್ ಎಷ್ಟೋ ಹೊತ್ತಿನ ಹಿಂದೆಯೇ ನಿಂತಿತ್ತು. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಮೆಕ್ಯಾನಿಕ್ ಕೂತಿದ್ದ. ಸತ್ತಿದ್ದ.

ಇನ್ಸ್‌ಪೆಕ್ಟರಮ್ಮ ಗಾಜಿನಿಂದ ಒಳಗೆ ನೋಡಿದರು. ಸ್ಟಿಯರಿಂಗ್ ಮೇಲೆ ಬಿದ್ದ ಕೈಯ ಹೆಬ್ಬೆರಳಲ್ಲಿ ಅಡ್ಡಕ್ಕೆ ಸೀಳಿದ ಹಳೆಯ ಗಾಯ. ಡ್ಯಾಶ್‌ಬೋರ್ಡಿನ ಮೇಲೆ ಟೇಪಿನಿಂದ ಅಂಟಿಸಿದ ದುಂಡನೆಯ ಗೇಜು. ಮುಳ್ಳು ಸೊನ್ನೆಗಿಂತ ಕೆಳಗೆ ನಿಂತಿತ್ತು. ಹಿರಿಯ ಪೇದೆ ಫೋಟೊ ತೆಗೆದ. ಆಮೇಲೆ ಕಾರಿನ ಬಾಗಿಲು ಎಳೆದು ತೆರೆದರು.

ಸಣ್ಣದೊಂದು ಸದ್ದು. ಮುಳ್ಳು ನಡುಗಿತು, ಎದ್ದಿತು, ಸೊನ್ನೆಗೆ ಬಂದು ನಿಂತಿತು.

ಪೇದೆ ಗೋಡೆಯವರೆಗೂ ಸರಿದ. "ಯಾರೋ ಉಸಿರು ಬಿಟ್ಟ ಹಾಗಾಯ್ತು ಮೇಡಂ."

"ಯಾರು?"

"ಅದನ್ನ ಮಾತ್ರ ಕೇಳ್ಬೇಡಿ."

* * *

ಮನೆಯಲ್ಲಿ ಸತ್ತವನ ತಾಯಿ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಅವಳ ತಮ್ಮ, ಅಂದರೆ ಸತ್ತವನ ಸೋದರಮಾವ. ಕಾರಿನ ಗೇಜು, ದೀಪ ಮಾರುವ ಅಂಗಡಿ ಅವನದು. ಅಕ್ಕನ ಬೆನ್ನು ಸವರುತ್ತ ಹಣೆಬರಹ ಹಣೆಬರಹ ಎನ್ನುತ್ತಿದ್ದ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದವರಿಲ್ಲ.

"ಅವಳ ನಾಲಿಗೆ ನನ್ನ ಮಗನ್ನ ನುಂಗಿತು," ಎಂದಳು ತಾಯಿ.

ಸೊಸೆ ಅಲ್ಲಗಳೆಯಲಿಲ್ಲ. ಹಿಂದಿನ ಸಂಜೆ ಜಗಳವಾಗಿದ್ದು ನಿಜ. ಆ ಗೇಜುಗಳ ಜೊತೇನೇ ಸಂಸಾರ ಮಾಡಿ, ಮನೆಗೆ ಬರಬೇಡಿ ಅಂದಿದ್ದಳಂತೆ. ಗಂಡ ನಕ್ಕು, ಎರಡು ಗೇಜನ್ನು ಚೀಲಕ್ಕೆ ಹಾಕಿಕೊಂಡು ಷೆಡ್ಡಿಗೆ ಹೋದನಂತೆ.

"ಬರಬೇಡಿ ಅಂದೆ. ಬರಲಿಲ್ಲ. ಅಷ್ಟಕ್ಕೇ ಸಾಯ್ತಾರಾ ಮೇಡಂ?"

ಕೇಳಿದ್ದೆಲ್ಲ ಆತ್ಮಹತ್ಯೆಯ ಕಡೆಗೇ ಕೈ ತೋರಿಸುತ್ತಿತ್ತು. ಮೆಕ್ಯಾನಿಕ್ ತಾನೇ ಗೇಜು ಕೂರಿಸಿಕೊಟ್ಟಿದ್ದ ಕಾರೊಂದರ ಎಂಜಿನ್ ರಸ್ತೆಯಲ್ಲಿ ಸಿಡಿದು, ಬೆಂಕಿ ಹತ್ತಿ, ಓಡಿಸುತ್ತಿದ್ದವನು ತೀರಿಕೊಂಡಿದ್ದ. ಟರ್ಬೊ ಎಂಜಿನ್ನಿಗೆ ಎಷ್ಟು ಒತ್ತಡದಲ್ಲಿ ಗಾಳಿ ನುಗ್ಗುತ್ತಿದೆ ಎಂದು ಹೇಳುವುದೇ ಗೇಜಿನ ಕೆಲಸ. ಅದು ಕೊನೆಯವರೆಗೂ ಭಯವಿಲ್ಲ ಎಂದೇ ತೋರಿಸಿತ್ತಂತೆ. ಅಂದಿನಿಂದ ಇವನಿಗೆ ನಿದ್ದೆಯಿಲ್ಲ. ಮುಳ್ಳು ಸುಳ್ಳು ಹೇಳ್ತು ಎಂದು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದ. ನಿದ್ದೆ ಮಾತ್ರೆ ಶುರುಮಾಡಿದ್ದ. ಡಾಕ್ಟರಿಗೆ ರಕ್ತದಲ್ಲಿ ಸಿಕ್ಕಿದ್ದೂ ಅದೇ, ತುಸು ಹೆಚ್ಚಾಗಿ.

ಆ ಸುಳ್ಳು ಗೇಜು ಯಾರ ಅಂಗಡಿಯದು ಎಂದು ಇನ್ಸ್‌ಪೆಕ್ಟರಮ್ಮ ಕೇಳಿದರು. ನಮ್ಮವರು ಹೇಳಲೇ ಇಲ್ಲ, ಹೇಳೋಕೆ ನಾಚಿಕೆ ಅಂತಿದ್ರು ಎಂದಳು ಸೊಸೆ.

ಸೋದರಮಾವ ನಿಟ್ಟುಸಿರಿಟ್ಟ. "ನಮ್ಮ ಅಂಗಡೀದಂತೂ ಅಲ್ಲ ತಾಯಿ. ಹಿತ್ತಲ ಗಿಡ ಮದ್ದಲ್ಲ ನೋಡಿ. ಅವನು ನನ್ನ ಸಾಮಾನು ಕೈಯಿಂದ ಮುಟ್ಟಿದ್ದೇ ಇಲ್ಲ."

* * *

ಇನ್ಸ್‌ಪೆಕ್ಟರಮ್ಮನಿಗೆ ಆ ಮುಳ್ಳು ಕಣ್ಣಿಂದ ಹೋಗಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಅದು ನಡುಗಿದಂತಾಗುತ್ತಿತ್ತು. ಮತ್ತೆ ಷೆಡ್ಡಿಗೆ ಹೋದರು.

ಎಂಜಿನ್ನಿನಿಂದ ಹೊರಟ ತೆಳು ರಬ್ಬರ್ ಪೈಪು ಬಾನೆಟ್ಟಿನ ಸಂದಿಯಿಂದ ಹೊರಬಂದು, ಚಾಲಕನ ಬಾಗಿಲಿನಿಂದ ಒಳಗೆ ಹೋಗಿತ್ತು. ಯಾವ ಗೇಜು ಒಳ್ಳೆಯದೆಂದು ನೋಡುವಾಗ ಮೆಕ್ಯಾನಿಕ್‌ಗಳು ಹೀಗೇ ತಾತ್ಕಾಲಿಕವಾಗಿ ಎಳೆದುಕೊಳ್ಳುತ್ತಾರೆ. ಗೇಜಿನ ಹತ್ತಿರ ಪೈಪು ಎರಡು ಕವಲಾಗಿತ್ತು. ಒಂದು ಕವಲಿಗೆ ಗೇಜು. ಇನ್ನೊಂದರ ಬಾಯಿಗೆ ಬೋಲ್ಟು ತುರುಕಿತ್ತು. ಎರಡನೆಯ ಗೇಜು ಎಲ್ಲೂ ಇರಲಿಲ್ಲ.

ಪೆಟ್ರೋಲು ಹಾಕಿಸಿ, ಷಟರ್ ಪೂರ್ತಿ ತೆರೆದು, ಎಂಜಿನ್ ಶುರುಮಾಡಿಸಿದರು. ಸುಮ್ಮನೆ ಓಡುವ ಎಂಜಿನ್ ಗಾಳಿ ಹೀರುತ್ತದೆ; ಮುಳ್ಳು ಸೊನ್ನೆಯಿಂದ ಕೆಳಗಿಳಿಯಿತು. ಬೋಲ್ಟು ಕಿತ್ತರು. ಎಂಜಿನ್ ಕೆಮ್ಮಿ ನಿಂತುಹೋಯಿತು. ಮತ್ತೆ ಬೋಲ್ಟು ತುರುಕಿ, ಶುರುಮಾಡಿ, ಬಾಗಿಲು ಹಾಕಿದರು. ಪೈಪು ಬಾಗಿಲಲ್ಲಿ ಸಿಕ್ಕಿ ಚಪ್ಪಟೆಯಾಯಿತು. ಎಂಜಿನ್ ನಿಲ್ಲಿಸಿದರು. ಚಪ್ಪಟೆಯಾದ ಪೈಪು ಗಾಳಿಯನ್ನು ಒಳಬಿಡದೆ ಮುಳ್ಳು ಕೆಳಗೇ ಉಳಿಯಿತು. ಬಾಗಿಲು ತೆರೆದದ್ದೇ ಅದು ಸೊನ್ನೆಗೆ ಬಂತು.

"ಮುಳ್ಳು ನೋಡೋಕೆ ಕೂತೋನು ಅದರ ಕತ್ತು ತಾನೇ ಹಿಸುಕ್ತಾನಾ?" ಎಂದರು ಇನ್ಸ್‌ಪೆಕ್ಟರಮ್ಮ.

ಪೇದೆ ತಲೆ ಕೆರೆದುಕೊಂಡ. "ಹಾಗಾದ್ರೆ ದೆವ್ವ ಅಲ್ಲ."

"ದೆವ್ವ ಗೇಜು ಕದಿಯಲ್ಲ ಕಣಯ್ಯ."

* * *

ಸೋದರಮಾವ ಅಂಗಡಿ ತೆರೆದಿದ್ದ. ಮನೆಯಲ್ಲಿ ಕೂತರೆ ಅವನೇ ಕಣ್ಮುಂದೆ ಬರುತ್ತಾನೆ ಎಂದ. ಇನ್ಸ್‌ಪೆಕ್ಟರಮ್ಮ ತಮ್ಮನ ಟರ್ಬೊ ಕಾರಿಗೊಂದು ಗೇಜು ಬೇಕು, ಯಾವುದು ತಗೊಳ್ಳಲಿ ಎಂದು ಕೇಳಿದರು. ವ್ಯಾಪಾರಿಯ ಮುಖಕ್ಕೆ ಜೀವ ಬಂತು. ವೈರಿನದಕ್ಕಿಂತ ಪೈಪಿನದು ಚುರುಕು ಎಂದ. ದೀಪ ಮಂದವಿರಬೇಕು, ಅಂಕಿ ದಪ್ಪವಿರಬೇಕು ಎಂದ. ಹುಡುಗರು ಬಣ್ಣ ನೋಡಿ ಮರುಳಾಗುತ್ತಾರೆ, ನೀವು ಮುಳ್ಳು ನೋಡಿ ಎಂದ.

ಗಾಜಿನ ಕಪಾಟಿನಲ್ಲಿ ಒಂದೇ ಥರದ ಡಬ್ಬಿಗಳು ಸಾಲಾಗಿದ್ದವು. ಅವನ ಕೈ ಮುಂದಿನ ಡಬ್ಬಿಯನ್ನು ದಾಟಿ ಹಿಂದಿನದಕ್ಕೆ ಹೋಯಿತು.

"ಮುಂದಿರೋದೇ ಸಾಕು," ಎಂದರು.

"ಅದು ಬೇಡ ಬಿಡಿ. ಹೊಸದು ಕೊಡ್ತೀನಿ."

"ಅದು ಹಳೇದಾ?"

ಇನ್ಸ್‌ಪೆಕ್ಟರಮ್ಮ ಮುಂದಿನ ಡಬ್ಬಿ ತೆರೆದು, ಕರವಸ್ತ್ರದಲ್ಲಿ ಗೇಜನ್ನು ಎತ್ತಿಕೊಂಡರು. ಹಿಂದಿನ ನಳಿಗೆಯ ಸುತ್ತ ಪೈಪಿನ ಕ್ಲಿಪ್ಪು ಕಚ್ಚಿದ ಗುರುತು. ಮುಂದಿನ ಗಾಜು ಸ್ವಚ್ಛವಾಗಿಯೇ ಕಂಡಿತು. ಅದರ ಮೇಲೆ ಮೆಲ್ಲಗೆ ಉಸಿರು ಬಿಟ್ಟರು.

ಮಂಜಿನೊಳಗಿಂದ ಒಂದು ಹೆಬ್ಬೆರಳು ಎದ್ದು ಬಂತು. ನಡುವೆ ಅಡ್ಡಕ್ಕೆ ಸೀಳಿದ ಹಳೆಯ ಗಾಯ. ಸ್ಟಿಯರಿಂಗ್ ಮೇಲೆ ಬಿದ್ದಿದ್ದ ಕೈಯಲ್ಲಿ ಅವರು ಅದೇ ಗಾಯ ನೋಡಿದ್ದರು.

"ನಿಮ್ಮ ಸಾಮಾನು ಮುಟ್ಟದೇ ಇದ್ದೋನ ಬೆರಳಿದು," ಎಂದರು.

ವ್ಯಾಪಾರಿ ಸ್ಟೂಲಿನ ಮೇಲೆ ಕುಸಿದ. ಮಂಜು ಆರಿ ಬೆರಳು ಮಾಯವಾಯಿತು. ಆದರೂ ಅವನು ಗಾಜನ್ನೇ ನೋಡುತ್ತಿದ್ದ.

ಉಳಿದದ್ದನ್ನು ಇನ್ಸ್‌ಪೆಕ್ಟರಮ್ಮನೇ ಹೇಳುತ್ತ ಹೋದರು; ಅವರಿಗೆ ಗೊತ್ತಿಲ್ಲದ್ದನ್ನು ಅವನೇ ತುಂಬಿಕೊಟ್ಟ. ಸುಳ್ಳು ಗೇಜು ಇವನ ಮಾಲು. ಸೋದರಳಿಯ ಅದೇ ಥರದ ಇನ್ನೊಂದನ್ನು ಒಳ್ಳೆಯ ಗೇಜಿನ ಪಕ್ಕ ಕೂರಿಸಿ, ಸುಳ್ಳು ಹಿಡಿದ. ಸುಟ್ಟು ಸತ್ತವನ ಮನೆಗೆ ಹೋಗಿ ನಿಜ ಹೇಳುತ್ತೇನೆಂದ. ಮಾವ ಕಾಫಿಯಲ್ಲಿ ಮಾತ್ರೆ ಬೆರೆಸಿದ. ಅವನು ತೂಕಡಿಸಿದಾಗ ಗೇಜು ಕಿತ್ತ, ಎಂಜಿನ್ ನಿಲ್ಲದಿರಲೆಂದು ಖಾಲಿ ಕವಲಿಗೆ ಬೋಲ್ಟು ತುರುಕಿದ, ಬಾಗಿಲು ಹಾಕಿ ಷಟರ್ ಎಳೆದ. ಆ ಬಾಗಿಲಿಗೆ ಸಿಕ್ಕ ಪೈಪು, ಎಂಜಿನ್ ಓಡುತ್ತಿರುವಾಗಲೇ ಹೊರಗಿನ ಕೈಯೊಂದು ಬಾಗಿಲು ಮುಚ್ಚಿದ್ದಕ್ಕೆ ಸಾಕ್ಷಿಯಾಯಿತು.

"ಗೇಜನ್ನ ಕೆರೆಗೆ ಎಸೆದಿದ್ರೆ ನಂಗೆ ಸಿಗ್ತಿರಲಿಲ್ಲ."

"ಒಡೀದಿರೋ ಮಾಲು," ಎಂದ ಅವನು. "ಬಿಸಾಕೋಕೆ ಕೈ ಬರಲಿಲ್ಲ."

* * *

ಸಂಜೆ ಇನ್ಸ್‌ಪೆಕ್ಟರಮ್ಮ ಆ ಮನೆಗೆ ತಾವೇ ಹೋದರು. ಎಲ್ಲವನ್ನೂ ಹೇಳಿದರು. ಕೊನೆಗೆ ಸೊಸೆಯ ಕಡೆ ತಿರುಗಿದರು.

"ಕಾಫಿ ಕುಡೀತಾ ನಿಮ್ಮ ಯಜಮಾನರು, ಬೇಗ ಮುಗಿಸೋಣ ಮಾವ, ಮನೇಲಿ ಅವಳು ಉಣ್ಣದೆ ಕಾಯ್ತಿರ್ತಾಳೆ ಅಂದ್ರಂತೆ. ಅವನೇ ಒಪ್ಪಿಕೊಂಡು ಹೇಳಿದ್ದು."

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕಾಯ್ತಿದ್ದೆ," ಎಂದಳು.

ತಾಯಿ ತನ್ನ ಅಂಗೈ ನೋಡಿಕೊಂಡಳು. "ಇಬ್ಬರನ್ನೂ ಈ ಕೈಯಲ್ಲೇ ಎತ್ತಿ ಆಡಿಸಿದ್ದೆ," ಎಂದಳು. ಆಮೇಲೆ ಜರುಗಿ, ಪಕ್ಕದಲ್ಲಿ ಜಾಗ ಬಿಟ್ಟಳು. ಸೊಸೆ ಬಂದು ಕೂತಳು.

ಬೀದಿಯಲ್ಲಿ ಯಾವುದೋ ಟರ್ಬೊ ಕಾರು ಸಿಳ್ಳೆ ಹಾಕುತ್ತ ತಿರುವು ದಾಟಿ ಬಂತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ತಿರುಗಿದರು.

ಕಾರು ಮುಂದಕ್ಕೆ ಹೋಯಿತು.